ಶೇಂಗಾ, ಕಳ್ಳೇಕಾಯಿ ಮತ್ತು ನನ್ನ ಎಂ.ಎ.

ನಲವತ್ತೊಂದನೆಯ ವಯಸ್ಸಿಗೆ ನಾನು ಕನ್ನಡ ಎಂ.ಎ.ಗೆ ಸೇರಿದೆ. ಆಂಧ್ರದ ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನುಗಳಿವೆ. ಜೀನ್ಸ್ ಪ್ಯಾಂಟಿಗೆ ಜೇಬು ಕೂಡಿಸುವುದು ನನ್ನ ಕೆಲಸ. ವಿಶ್ವವಿದ್ಯಾಲಯ ಇರುವುದು ಗಡಿಯಾಚೆ, ಕರ್ನಾಟಕದಲ್ಲಿ. ಹಿಂದೆ ಆಗಿದ್ದರೆ ಊರು ಬಿಟ್ಟು ಹಾಸ್ಟೆಲ್ ಸೇರಬೇಕಿತ್ತು. ಸಂಸಾರಸ್ಥಳಿಗೆ ಅದು ಆಗದ ಮಾತು. ಈಗ ಪಾಠವೆಲ್ಲ ಆನ್‌ಲೈನ್. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೊಬೈಲನ್ನು ದಾರದ ಉಂಡೆಗೆ ಒರಗಿಸಿಟ್ಟರೆ ಮೇಷ್ಟ್ರೇ ಮನೆಗೆ ಬರುತ್ತಿದ್ದರು. ಮೊದಲ ದಿನ ಹಾಜರಿಯಲ್ಲಿ ನನ್ನ ಹೆಸರು ಕೂಗಿದಾಗ ಖುಷಿ ತಡೆಯಲಾರದೆ ಎದ್ದು ನಿಂತುಬಿಟ್ಟೆ. ಪರದೆಯಲ್ಲಿ ಎಲ್ಲರಿಗೂ ಕಂಡದ್ದು ನನ್ನ ಸೀರೆಯ ನೆರಿಗೆ ಮಾತ್ರವಂತೆ.

ನನ್ನ ಅತ್ತೆಯ ತವರು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಹಳ್ಳಿ. ಕುರಿ, ರಾಗಿಯ ನಡುವೆ ಬೆಳೆದವರು. ರಾಯದುರ್ಗಕ್ಕೆ ಬಂದು ಐವತ್ತು ವರ್ಷವಾದರೂ ಅವರ ಮಾತು ಮಾತ್ರ ತವರಿನದೇ. ನಮ್ಮ ‘ರಿ’ ಕೇಳಿದರೆ ಇವತ್ತಿಗೂ ಅಣಕಿಸುತ್ತಾರೆ.

ಒಂದು ಭಾನುವಾರ ಉಪಭಾಷೆಗಳ ಪಾಠ ನಡೆದಿತ್ತು. ಮೇಷ್ಟ್ರು ಒಂದೊಂದು ವಸ್ತು ಹೆಸರಿಸಿ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ ಎಂದು ಕೇಳುತ್ತಿದ್ದರು. ನನ್ನ ಸರದಿಗೆ ಬಂದದ್ದು ಕಡಲೆಕಾಯಿ.

“ನಾವು ಶೇಂಗಾ ಅಂತೀವ್ರಿ ಸರ್,” ಅಂದೆ.

ನನ್ನ ಹಿಂದೆ ಮೊರ ಹಿಡಿದು ಕೂತಿದ್ದ ಅತ್ತೆಗೆ ಸುಮ್ಮನಿರಲಾಗಲಿಲ್ಲ. “ಶೇಂಗಾ ಅಂತೆ. ಈ ಮನೆ ಸೇರಿ ಇಪ್ಪತ್ತು ವರ್ಸ ಆಯ್ತು, ಕಳ್ಳೇಕಾಯಿ ಅನ್ನಕ್ಕೆ ಇವ್ಳಿಗೆ ಇನ್ನೂ ನಾಲ್ಗೆ ತಿರುಗಲ್ಲ.”

ಮೈಕು ತೆರೆದೇ ಇತ್ತು. ಪರದೆಯ ಪುಟ್ಟ ಚೌಕಗಳಲ್ಲಿ ಒಬ್ಬೊಬ್ಬರೇ ನಗತೊಡಗಿದರು.

“ಯಾರಮ್ಮ ಅದು?” ಎಂದರು ಮೇಷ್ಟ್ರು.

“ನಮ್ಮ ಅತ್ತಿಯವ್ರು ಸರ್. ತಪ್ಪಾತ್ರಿ.”

“ತಪ್ಪೇನಿಲ್ಲ, ಅವರನ್ನ ಮುಂದಕ್ಕೆ ಕರೀರಿ.”

ಅತ್ತೆ ಸೆರಗು ಹೊದ್ದು, ಮೊಬೈಲಿಗೆ ಕೈಮುಗಿದು ಕೂತರು. ಕೇಳಿದ ಮೊದಲ ಮಾತೇ ಇದು: “ಸ್ವಾಮಿ, ಇವ್ಳು ಸರ್ಯಾಗಿ ಓದ್ತಾವ್ಳಾ? ನನ್ನತ್ರ ಮುಚ್ಚಿಡ್ಬ್ಯಾಡಿ.”

“ಓದ್ತಾರೆ. ಪ್ರಬಂಧ ಕಳಿಸೋದು ಮಾತ್ರ ತಡ.”

“ಹಂಗನ್ನಿ,” ಎಂದು ಅತ್ತೆ ನನ್ನತ್ತ ಒಂದು ನೋಟ ಬೀರಿದರು. ಕಾಲೇಜು ಓದುವ ಮಗಳಿರುವ ನಾನು ಎರಡನೇ ಕ್ಲಾಸಿನ ಹುಡುಗಿಯಂತೆ ತಲೆ ತಗ್ಗಿಸಿದೆ. ಹೊಟ್ಟೆಯೊಳಗಿಂದ ನಗು ಒತ್ತಿಕೊಂಡು ಬರುತ್ತಿತ್ತು. ಆಮೇಲೆ ಅರ್ಧ ಗಂಟೆ ಅತ್ತೆಯೇ ಪಾಠ ಹೇಳಿದರು, ಮೇಷ್ಟ್ರು ಬರೆದುಕೊಂಡರು. ಆ ಮಧ್ಯಾಹ್ನ ಮಿಷನ್ ಮೇಲೆ ಕೂತರೂ ನಗು ನಿಂತಿರಲಿಲ್ಲ. ಒಂದು ಪ್ಯಾಂಟಿನ ಎರಡೂ ಜೇಬುಗಳ ಬಾಯಿ ಮುಚ್ಚಿ ಹೊಲಿದುಬಿಟ್ಟಿದ್ದೆ.

ಮುಂದಿನ ಭಾನುವಾರ ಅತ್ತೆ ಒಂಬತ್ತಕ್ಕೇ ತಲೆಗೆ ಸ್ನಾನ ಮಾಡಿ, ಮದುವೆಮನೆಗೆ ಉಡುವ ಸೀರೆ ಉಟ್ಟು ಸಿದ್ಧರಾದರು. ಪರದೆ ತೆರೆದರೆ ಬೀದರಿನ ಹುಡುಗಿಯ ಪಕ್ಕದಲ್ಲಿ ಅವಳ ಅಜ್ಜಿ! ಕುಂದಾಪುರದವನ ಪಕ್ಕದಲ್ಲಿ ಅವನ ತಾಯಿ. ಮೇಷ್ಟ್ರು ಯಾರನ್ನೂ ಎಬ್ಬಿಸಲಿಲ್ಲ. ಬೀದರಿನ ಅಜ್ಜಿಯೂ ಶೇಂಗಾ ಎಂದಾಗ ನಾನು ಕುಣಿಯುವುದೊಂದು ಬಾಕಿ.

“ನೋಡ್ರಿ ಅತ್ತಿ, ಬೀದರದಾಗೂ ಶೇಂಗಾ ಅಂತಾರ.”

“ಅಲ್ಲೀಗಂಟ ಹೋಗಿ ಸಾಕ್ಷಿ ಕರ್ಕಂಡ್ ಬಂದ್ಯಾ?” ಎಂದರು ಅತ್ತೆ.

ಕೊನೆಯ ಮೌಖಿಕ ಪರೀಕ್ಷೆಯೂ ಮೊಬೈಲಿನಲ್ಲೇ. ಈ ಸಲ ಬೇರೆ ಊರಿನ ಪರೀಕ್ಷಕರೂ ಇದ್ದರು. ಅತ್ತೆಗೆ ಕೋಣೆಯೊಳಗೆ ಬರಬಾರದೆಂದು ಮೂರು ಸಲ ಹೇಳಿದ್ದೆ. ಮೊದಲೆರಡು ಪ್ರಶ್ನೆ ಸಲೀಸಾಗಿ ದಾಟಿದವು. ಮೂರನೆಯದಕ್ಕೆ ನನ್ನ ಬಾಯಿ ಕಟ್ಟಿಹೋಯಿತು. ಉತ್ತರ ಗೊತ್ತಿತ್ತು, ತುದಿ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ದನಿ ಬಂತು.

“ಸ್ವಾಮಿ, ಅವ್ಳಿಗೆ ಗೊತ್ತೈತೆ. ನೆನ್ನೆ ನಂಗೇ ಹೇಳ್ಕೊಟ್ಟವ್ಳೆ. ಒಸಿ ತಡೀರಿ.”

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಿಟ್ಟೇನೋ ಅಂದುಕೊಂಡೆ, ನಗುತ್ತಿದ್ದರು. “ತಡೀತೀವಮ್ಮ,” ಎಂದರು. ನನ್ನ ಅಂಜಿಕೆ ಅಲ್ಲೇ ಇಳಿಯಿತು. ಉತ್ತರ ಒಂದೇ ಉಸಿರಿಗೆ ಬಂತು. ತಿಂಗಳ ನಂತರ ಫಲಿತಾಂಶ: ಮೊದಲ ದರ್ಜೆ. ಓಣಿಗೆಲ್ಲ ಮೈಸೂರು ಪಾಕು ಹಂಚಿದೆ.

ನನ್ನ ಓದು ಮುಗಿಯಿತು, ಅತ್ತೆಯದು ಮುಗಿದಿಲ್ಲ. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಮೇಷ್ಟ್ರು ಉಪಭಾಷೆಯ ಪಾಠಕ್ಕೆ ಅತ್ತೆಗೆಂದೇ ಲಿಂಕ್ ಕಳಿಸುತ್ತಾರೆ. ಮೊನ್ನೆಯೂ ಕಳಿಸಿದ್ದರು. ಮಿಷನ್ ಬಂದ್ ಮಾಡಿ ನಾನು ನೆಲದ ಮೇಲೆ ಕೂತಿದ್ದೆ, ಅತ್ತೆ ಕುರ್ಚಿಯ ಮೇಲೆ. ಅವರು ಬೀದರಿನ ಸಾಕ್ಷಿಯ ಕಥೆ ಶುರುಮಾಡಿದ್ದೇ ನನಗೆ ಕಿಸಕ್ಕನೆ ನಗು ಬಂತು.

ಅತ್ತೆ ಕೆಳಗೆ ಬಗ್ಗಿ ನೋಡಿದರು. “ಗಲಾಟೆ ಮಾಡ್ಬ್ಯಾಡ ಕಣಮ್ಮ. ಪಾಠ ನಡೀತೈತೆ.”

“ಆತ್ರಿ ಅತ್ತಿ,” ಎಂದು ಬಾಯಿಗೆ ಸೆರಗು ಒತ್ತಿಕೊಂಡೆ.