ಶಾರ್ಶೆನನ ಪಕ್ಕದ ಖಾಲಿ ಜಾಗ

ಕೊಚ್ಕೋರಿನಲ್ಲಿ ಸತ್ತವರೆಲ್ಲ ಚೆಂದ. ಬೊಕ್ಕತಲೆಯವರಿಗೆ ಕೂದಲು ಬಂದಿದೆ, ಹೆಂಡತಿಗೆ ಬಾರಿಸುತ್ತಿದ್ದವರ ಕಣ್ಣಲ್ಲಿ ಕರುಣೆ ಉಕ್ಕುತ್ತದೆ. ಎಲ್ಲ ಬುರುಲಳ ಕೈಚಳಕ. ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಅವಳು ಕರಿಕಲ್ಲಿನ ಮೇಲೆ ಉಕ್ಕಿನ ಮೊನೆಯಿಂದ ಚುಕ್ಕೆ ಚುಕ್ಕೆ ಕುಟ್ಟಿ ಊರಿನವರ ಮುಖ ಮೂಡಿಸುತ್ತಿದ್ದಾಳೆ. ಗೋರಿಕಲ್ಲಿನಲ್ಲಿ ಮುಖ ಕೆತ್ತುವುದು ಪಾಪವೆಂದು ಮುಲ್ಲಾ ಪ್ರತಿ ಶುಕ್ರವಾರ ಗದರುತ್ತಾನೆ. ತನ್ನ ಅಪ್ಪನ ಕಲ್ಲಿನಲ್ಲಿ ಗಡ್ಡ ಇನ್ನೆರಡು ಬೆರಳು ಉದ್ದ ಬರಲಿ ಎಂದು ಮೂರು ಸಲ ಶೆಡ್ಡಿಗೆ ಬಂದು ಹೇಳಿಹೋದವನೂ ಅವನೇ.

ಬುರುಲಳ ಗಂಡ ಶಾರ್ಶೆನ್ ತೀರಿಕೊಂಡು ಎಂಟು ವರ್ಷ. ಸೊಸೆಯಂದಿರು ಗಂಡನ ಹೆಸರು ಹೇಳಬಾರದು, ಹಾಗಾಗಿ ಬದುಕಿದ್ದಾಗ ಒಮ್ಮೆಯೂ ಬಾಯಿಗೆ ಬಾರದ ಆ ಹೆಸರನ್ನು ಅವಳು ಕೈಯಾರೆ ದಪ್ಪಕ್ಷರದಲ್ಲಿ ಕೆತ್ತಿದ್ದಳು. ಅಳುವಿನ ಭರದಲ್ಲಿ ಜೋಡಿಕಲ್ಲನ್ನೇ ಆರಿಸಿ, ಬಲಗಡೆಯ ಅರ್ಧವನ್ನು ತನಗೆಂದು ಖಾಲಿ ಬಿಟ್ಟಳು. ಹಾಗೆ ಮಾಡುವವರು ಊರಲ್ಲಿ ಬಹಳ ಜನ. ಐವತ್ತನೇ ವಯಸ್ಸಿನಲ್ಲಿ ಮಾಡಿದರೆ ಮುಂದೆ ಪೇಚಾಟ.

ಪೇಚಾಟ ಲಾರಿಯಲ್ಲೇ ಬಂತು. ಬಿಶ್ಕೆಕ್‌ನಿಂದ ಕಲ್ಲು ತರುವ ಎಸೆನ್‌ಕುಲ್ ಹೆಂಡತಿ ಸತ್ತವನು, ಮಾತು ಕಮ್ಮಿ. ಈ ವಸಂತದಲ್ಲಿ ಒಂದು ಬಿರುಕೂ ಇಲ್ಲದ ಚಪ್ಪಡಿಯನ್ನು ಆರಿಸಿ ತಂದು, ಅದನ್ನು ಇಳಿಸಿ, ಕೈ ಒರೆಸಿಕೊಂಡು, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಬುರುಲಳಿಗೆ ಆಗಲೇ ಹೂಂ ಅನ್ನಬೇಕೆನಿಸಿತ್ತು. ಸಂತೆಯ ಹೆಂಗಸರಿಗೆ ಸುದ್ದಿ ಸಿಕ್ಕಿ, ಗೋರಿಯಲ್ಲಿ ಸೀಟು ಹಿಡಿದಿಟ್ಟವಳಿಗೆ ಈಗ ಮದುವೆ ಹುಚ್ಚು ಎಂದು ಆಡಿಕೊಂಡರು. ಅದಕ್ಕೆ ಅವಳು ಸೊಪ್ಪು ಹಾಕಲಿಲ್ಲ. ಹೆದರಿದ್ದು ಅತ್ತೆಗೆ. ಎಂಬತ್ತನಾಲ್ಕರ ಕಾಲಿಪಾ ಅಪಾ, ಮೂವತ್ತು ವರ್ಷ ಒಂದೇ ಒಲೆ ಮುಂದೆ ಕೂತು ಜಗಳಾಡಿದವಳು. ಅವಳು ಬೇಡ ಎಂದುಬಿಟ್ಟರೆ? ಕೇಳಲು ಧೈರ್ಯವಾಗದೆ ಬುರುಲ್ ಊರೆಲ್ಲ ಗೋರಿಗಳಿಗೆ ಹೋಗುವ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಉಳಿ-ಮೊನೆ ಹಿಡಿದು ಸ್ಮಶಾನಕ್ಕೆ ಹೋದಳು.

ಹಬ್ಬದ ಬೆಳಿಗ್ಗೆ ಊರೆಲ್ಲ ಸತ್ತವರಿಗೆ ಪ್ರಾರ್ಥನೆ ಹೇಳಲು ಬಂದಾಗ, ಶಾರ್ಶೆನನ ಪಕ್ಕದಲ್ಲಿ ತೊರು ಎಂಬ ಅವನ ಕೆಂಗಂದು ಕುದುರೆಯ ಮುಖವಿತ್ತು. ಹಣೆಯ ಬಿಳಿ ಚುಕ್ಕೆಯ ಸಮೇತ. ಮುಲ್ಲಾನ ಬಾಯಲ್ಲಿ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಅಪಾ ಕೋಲೂರಿ ಹತ್ತಿರ ಹೋಗಿ ನೋಡಿದಳು. "ಅಲ್ವೇ, ನಿನ್ನ ಮುಖಕ್ಕೆ ಜಾಗ ಎಲ್ಲಿ?"

"ಅಪಾ, ಎಸೆನ್‌ಕುಲ್ ನನ್ನ ಕೇಳಿದಾನೆ. ನಂಗೂ ಮನಸ್ಸಿದೆ. ನೀವು ಬೇಡ ಅಂದ್ರೆ ಇದನ್ನ ಉಜ್ಜಿಹಾಕಿ ನನ್ನ ಮುಖಾನೇ ಕೆತ್ತುತೀನಿ."

"ಉಜ್ಜಬೇಡ. ಈ ಕುದುರೆಗೆ ಹಲ್ಲೆಷ್ಟು ಅಂತ ನನ್ನ ಮಗನಿಗೆ ಗೊತ್ತಿತ್ತು. ನೀನು ಮೂರು ದಿನ ಜ್ವರದಲ್ಲಿ ಮಲಗಿದ್ದಾಗ, ಟೀ ಯಾಕೆ ತಣ್ಣಗಿದೆ ಅಂತ ಕೇಳಿದ ಭೂಪ ಅವನು. ಅವನ ಪಕ್ಕ ಇದೇ ಇರ್ಲಿ."

ಹಿಂದೆ ಯಾರೋ ಕಿಸಕ್ಕೆಂದರು. ಮುಲ್ಲಾ ಆಕಾಶ ನೋಡಿದ. ಬುರುಲಳಿಗೆ ಎದೆಯ ಭಾರ ಇಳಿದು ಹಗುರವಾಯಿತು. ಮರುಗಳಿಗೆಯಲ್ಲೇ, ಈ ಮುದುಕಿಯನ್ನು ಬಿಟ್ಟು ಹೋಗಬೇಕಲ್ಲ ಎಂಬುದು ಹೊಳೆದು ಅಳು ಒತ್ತರಿಸಿ ಬಂತು. ಮೂವತ್ತು ವರ್ಷದ ಸಂಸಾರದಲ್ಲಿ ತಾನು ನಿಜವಾಗಿ ಬಾಳಿದ್ದು ಯಾರ ಜೊತೆ ಎಂದು ಅವಳಿಗೆ ಅಲ್ಲಿ ಗೊತ್ತಾಯಿತು.

ಅಪಾ ಅವಳ ತೋಳು ಹಿಡಿದುಕೊಂಡು ಗೇಟಿನ ಕಡೆ ಹೊರಟಳು. "ಅವನ ಮನೆ ಒಲೆ ಹೊಗೆ ಬಿಡುತ್ತಾ?"

"ಗೊತ್ತಿಲ್ಲ ಅಪಾ. ಯಾಕೆ?"

"ಮೊದಲೇ ಸರಿಮಾಡಿಸೋಕೆ ಹೇಳು. ನಂಗೆ ಹೊಗೆ ಆಗಲ್ಲ."