ಅಕ್ಕೋರ ರೇಟು

ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳು ಇರುವಾಗಲೇ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಮೊದಲ ಹಾಳೆಯಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು, ಮೇಲೆ ನಾಲ್ಕು ಊರುಗಳ ಹೆಸರು ಬರೆದೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎಡಗಡೆ ಬಾಡಿಗೆ, ನೀರು, ಹಾಲು, ಜೋಳ, ಬೇಳೆ, ಡಾಕ್ಟರು, ಆಟೋ. ಜೀವನವಿಡೀ ಸರಕಾರಿ ಶಾಲೆಯ ಕರಿಹಲಗೆಯ ಮುಂದೆ ನಿಂತವಳು ನಾನು. ಗೆರೆ ಎಳೆಯದಿದ್ದರೆ ಯಾವ ವಿಚಾರವೂ ನನ್ನ ತಲೆಗೆ ಹತ್ತುವುದಿಲ್ಲ.

ನಮ್ಮವರು ಹಿಂದಿನಿಂದ ಬಂದು ಇಣುಕಿದರು. "ಕೂಸ ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲ್ಯಾಕತ್ತಿ ನೋಡು" ಅಂದರು. ಅವರು ದರ್ಜಿ. ಕುಲಾವಿಯ ಮಾತು ಆಡುವ ಹಕ್ಕು ಅವರಿಗಿತ್ತು.

ಆದರೆ ಅವಸರ ಸುಮ್ಮನೆ ಬಂದದ್ದಲ್ಲ. ಬಾಗೇವಾಡಿಯಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಕೆಡವಿ ಮಳಿಗೆ ಕಟ್ಟುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ನಿವೃತ್ತಿಯಾದರೆ ಪಗಾರ ಹೋಗಿ ಪಿಂಚಣಿ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಮಕ್ಕಳಿಗೆ ಬರೆಸಿದ್ದೇ ಬರೆಸಿದ್ದು, ಈಗ ನನ್ನ ಕಾಲಿನ ಸರದಿ ಬಂದಿತ್ತು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಈಗ ಹುಡುಕುವುದು ನಮ್ಮ ಕೊನೆಯ ಮನೆ. ಇಲ್ಲಿಯವರೆಗೆ ಒಂದು ಊರು ಸೇರದಿದ್ದರೆ ಮುಂದಿನ ವರ್ಗಾವಣೆಯಲ್ಲಿ ನೋಡಿಕೊಂಡರಾಯಿತು ಅಂದುಕೊಳ್ಳುತ್ತಿದ್ದೆ. ಇನ್ನು ಮುಂದೆ ವರ್ಗಾವಣೆ ಇಲ್ಲ.

ಎಲ್ಲಿಗೆ ಹೋಗೋಣ ಎಂದು ನಮ್ಮವರನ್ನು ಕೇಳಿದರೆ ಬರುವುದು ಒಂದೇ ಉತ್ತರ, "ನೀ ಹೇಳಿದಲ್ಲಿ." ಮೂವತ್ತೈದು ವರ್ಷಗಳಿಂದ ಈ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿತ್ತು. ಜವಾಬ್ದಾರಿ ಬೇಡ ಅನ್ನುವವರ ಮಾತು ಅದು ಎಂದೇ ತಿಳಿದಿದ್ದೆ.

ಈ ನಾಲ್ಕು ಊರು ಬಿಟ್ಟರೆ ನಮಗೆ ಬೇರೆ ಊರು ಗೊತ್ತಿಲ್ಲ. ನನಗೆ ವರ್ಗವಾದಂತೆ ಅವರು ಮಷೀನು ಕಟ್ಟಿಕೊಂಡು ಬಂದರು. ಟೆಂಪೊದಲ್ಲಿ ಎಲ್ಲ ಸಾಮಾನಿಗಿಂತ ಕೊನೆಗೆ ಹತ್ತಿ, ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದುದು ಆ ಮಷೀನೇ. ನನಗೇನು, ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ನಿಲ್ಲಿಸಿ ಇನ್ನೊಂದರಲ್ಲಿ ಶುರು ಮಾಡಿದರೆ ಮುಗಿಯಿತು, ಪಗಾರ ಹಿಂದೆಯೇ ಬರುತ್ತಿತ್ತು. ದರ್ಜಿಯ ಬಾಳು ಹಾಗಲ್ಲ. ಹೊಸ ಊರಿನಲ್ಲಿ ಮೊದಲು ಅವನ ಹತ್ತಿರ ಬರುವುದು ಹರಿದ ಪ್ಯಾಂಟು, ದಿಂಬಿನ ಚೀಲ, ಉದ್ದವಾದ ಲಂಗ. ಎರಡು ಮೂರು ವರ್ಷ ಅವನ ಕೈ ನೋಡಿದ ಮೇಲೆ ಜನ ಒಂದು ಹೊಸ ಅಂಗಿಯ ಬಟ್ಟೆ ಕೊಟ್ಟು ನೋಡುತ್ತಾರೆ. ಮದುವೆಯ ಬಟ್ಟೆ ಬರಬೇಕಾದರೆ ಇನ್ನೂ ಕಾಯಬೇಕು. ನಮ್ಮವರಿಗೆ ಮದುವೆಯ ಬಟ್ಟೆ ಬರತೊಡಗುವ ಹೊತ್ತಿಗೆ ನನಗೆ ವರ್ಗವಾಗುತ್ತಿತ್ತು.

ಭಾನುವಾರಕ್ಕೊಂದು ಊರು ಎಂದು ಹೊರಟೆವು. ಮೊದಲು ಇಂಡಿ. ಹತ್ತಿರದ ಹೊರ್ತಿ ನನ್ನ ತವರು, ಇಂಡಿಯಲ್ಲಿ ನಮ್ಮ ಮೊದಲ ಸಂಸಾರ. ಒಂದೂವರೆ ಕೋಣೆಯ ಮನೆ, ಹಿಂದೆ ನಿಂಬೆಹಣ್ಣಿನ ವ್ಯಾಪಾರಿಯ ಶೆಡ್ಡು. ಒಗೆದು ಹಾಕಿದ ಸೀರೆಗೂ ನಿಂಬೆಯ ವಾಸನೆ ಹತ್ತುತ್ತಿತ್ತು. ಎಂಟು ವರ್ಷದಲ್ಲಿ ಒಂದೇ ಒಂದು ನಿಂಬೆಹಣ್ಣನ್ನು ನಾನು ಕೊಂಡಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಪಕ್ಕ ಯಾರೋ ನಾಲ್ಕು ಹಣ್ಣು ಇಟ್ಟು ಹೋಗಿರುತ್ತಿದ್ದರು. ಯಾರೆಂದು ಹುಡುಕುವ ಪದ್ಧತಿಯೂ ಇರಲಿಲ್ಲ. ನಾನು ಉಪ್ಪಿನಕಾಯಿ ಹಾಕಿ ಓಣಿಗೆಲ್ಲ ಹಂಚುತ್ತಿದ್ದೆ, ಅಲ್ಲಿಗೆ ಲೆಕ್ಕ ಸರಿಹೋಗುತ್ತಿತ್ತು. ಈ ಸಲ ಬಜಾರದಲ್ಲಿ ನಿಂಬೆಹಣ್ಣಿನ ಬೇಸಿಗೆ ರೇಟು ಕೇಳಿ ನನಗೆ ಸಿಟ್ಟೇ ಬಂತು. ನನ್ನ ಮನೆಯ ವಸ್ತುವನ್ನೇ ಯಾರೋ ನನಗೆ ಮಾರುತ್ತಿದ್ದಾರೆ ಅನ್ನಿಸಿತು.

ನಮ್ಮ ಹಳೆಯ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿಯಾಗಿತ್ತು. ಕಟ್ಟೆಯೊಂದು ಮಾತ್ರ ಉಳಿದಿತ್ತು. ಎಂಟು ವರ್ಷ ಆ ಕಟ್ಟೆಯ ಮೇಲೆ ಮಷೀನಿಟ್ಟು ಹೊಲಿದವರು ಅದರ ಮುಂದೆ ನಿಂತೇ ಇದ್ದರು. ಇನ್ನೂ ಮೂರು ಮನೆಗಳ ಬಾಡಿಗೆ ಕೇಳುವುದಿತ್ತು. "ನಡೀರಿ, ಹೊತ್ತಾತು" ಎಂದು ನಾನು ಅವರನ್ನು ಕರೆದುಕೊಂಡು ಹೋದೆ.

ಎರಡನೆಯ ಭಾನುವಾರ ಸಿಂದಗಿ. ಅಲ್ಲಿ ನಾನು ಹನ್ನೊಂದು ವರ್ಷ ಕಲಿಸಿದ್ದೇನೆ. ಅರ್ಧ ಊರು ನನ್ನಿಂದ ಕಿವಿ ಹಿಂಡಿಸಿಕೊಂಡಿದೆ ಎಂದರೆ ತಪ್ಪಿಲ್ಲ. ಬಸ್ ಇಳಿದದ್ದೇ ತಡ, "ಅಕ್ಕೋರ, ಯಾವಾಗ ಬಂದ್ರಿ?" ಎಂದು ಶುರುವಾಯಿತು. ಆಟೋದವನು ಅರ್ಧ ದುಡ್ಡು ತೆಗೆದುಕೊಂಡ. ಹಾಲಿನ ಡೇರಿಯವನು ಬಾಗೇವಾಡಿಗಿಂತ ಕಡಿಮೆ ರೇಟು ಹೇಳಿದ. ಒಂದು ಮನೆಯ ಮಾಲೀಕರಂತೂ ಡಿಪಾಸಿಟ್ ಬೇಡವೇ ಬೇಡ ಅಂದರು, ಅವರ ಮಗಳು ನನ್ನ ಹತ್ತಿರ ಕಲಿತವಳು. ಕಿರಾಣಿ ಅಂಗಡಿಯವನು ನಲವತ್ತರ ಹತ್ತಿರ ಬಂದ ಮೀಸೆಯ ಗಂಡಸು, ಒಂದು ಕಾಲದಲ್ಲಿ ಏಳರ ಮಗ್ಗಿ ಬಾರದೆ ನನ್ನ ಮುಂದೆ ಕಣ್ಣೀರು ಹಾಕಿದವನು. ತೊಗರಿಬೇಳೆ ಅರ್ಧ ಕಿಲೊ ತೂಗಿ ಹೇಳಿದ ಬೆಲೆ ಕೇಳಿ, ನಾನು ನಿಂತಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಸಂಜೆಯ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಎಲ್ಲ ಸಾಲಿನಲ್ಲೂ ಸಿಂದಗಿಯೇ ಗೆದ್ದಿತ್ತು.

ಬಸ್ ನಿಲ್ದಾಣದಲ್ಲಿ ಕೈಚೀಲ ತೆಗೆದರೆ ತೊಗರಿಬೇಳೆಯ ಎರಡು ಪೊಟ್ಟಣ. ನಾನು ಮನೆ ನೋಡುತ್ತಿದ್ದಾಗ ನಮ್ಮವರೂ ಹೋಗಿ ಅದೇ ಅಂಗಡಿಯಲ್ಲಿ ಅಷ್ಟೇ ಬೇಳೆ ತಂದಿದ್ದರು. ಕೊಟ್ಟ ಹಣ ಮಾತ್ರ ನನಗಿಂತ ಬಹಳ ಹೆಚ್ಚು. ನನ್ನ ಪಿತ್ತ ನೆತ್ತಿಗೇರಿತು. ನನ್ನ ಗಂಡನಿಗೆ ಮೋಸ ಮಾಡಿದ್ದಾನೆಂದು ಅಂಗಡಿಗೆ ವಾಪಸ್ ನಡೆದೆ. ಅವನು ಎದ್ದು ನಿಂತು ಕೈ ಮುಗಿದ.

"ಅಕ್ಕೋರ, ಅವರ ನಿಮ್ಮ ಯಜಮಾನ್ರ ಅಂತ ನನಗ ಗೊತ್ತಾಗ್ಲಿಲ್ರಿ. ಅವರಿಗೆ ಹಚ್ಚಿದ್ದು ಬಜಾರ ರೇಟ್ರಿ. ನಿಮಗ ಬಜಾರ ರೇಟ ಹ್ಯಾಂಗ ಹಚ್ಚಲ್ರಿ?"

ಹಾಗಾದರೆ ನನಗೆ ಕೊಟ್ಟಿದ್ದು? ಅವನು ತಾನು ಕೊಂಡ ಬೆಲೆಗಿಂತಲೂ ಕಡಿಮೆಗೆ ಕೊಟ್ಟಿದ್ದನಂತೆ. ಹೆಚ್ಚಿನ ದುಡ್ಡು ಕೊಡಹೋದರೆ ಮುಟ್ಟಲೊಲ್ಲ. ಡೇರಿಯವನು, ಆಟೋದವನು, ಮನೆ ಮಾಲೀಕರು, ಎಲ್ಲರದೂ ಇದೇ ಕಥೆ ಇರಬೇಕೆಂದು ಆಗ ಹೊಳೆಯಿತು. ಬಂದು ಹೋಗುವ ಅಕ್ಕೋರಿಗೆ ಒಂದು ದಿನ ಹೀಗೆ ಕೊಡಬಹುದು. ತಿಂಗಳು ತಿಂಗಳು ನಾನು ಅಂಥ ರೇಟಿನಲ್ಲಿ ಬದುಕಲಾದೀತೆ?

ಬಸ್ಸಿನಲ್ಲಿ ನಮ್ಮವರು ನಕ್ಕಿದ್ದೇ ನಕ್ಕಿದ್ದು. "ನೀ ಬರಕೊಂಡಿದ್ದು ಸಿಂದಗಿ ರೇಟ ಅಲ್ಲ, ಅಕ್ಕೋರ ರೇಟ. ಇಡೀ ಪಟ್ಟಿ ಕಾಟ ಹೊಡಿ." ನಾನೂ ನಕ್ಕೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಅದೇ ಊರಿನಲ್ಲಿ ಹನ್ನೊಂದು ವರ್ಷ, ಆ ಕಿರಾಣಿ ಅಂಗಡಿಯಿಂದ ಎರಡೇ ಓಣಿ ಆಚೆ ಇವರು ಹೊಲಿಯುತ್ತ ಕೂತಿದ್ದರು. ಇವರ ಗುರುತು ಅವನಿಗೆ ಹತ್ತಿರಲಿಲ್ಲ.

ಆಗ ಹೊಸ ಕಾಯಿದೆ ಮಾಡಿದೆ. ಇನ್ನು ಮುಂದೆ ರೇಟು ಕೇಳುವವರು ಅವರು, ನಾನು ದೂರ ನಿಲ್ಲುವವಳು. ಮೂರನೆಯ ಭಾನುವಾರ ಮುದ್ದೇಬಿಹಾಳಕ್ಕೆ ಹೋದದ್ದು ಹೀಗೆ.

ಆ ಊರಿನ ನೆನಪಾದರೆ ನನಗೆ ಈಗಲೂ ಬಿಳಿ ಬಟ್ಟೆಯೇ ಕಣ್ಣಿಗೆ ಬರುತ್ತದೆ. ಬಜಾರದಲ್ಲಿ ಮೊದಲ ಸಲ ನಮ್ಮವರಿಗೆ ಬೋರ್ಡು ಇದ್ದ ಅಂಗಡಿಯಾಗಿತ್ತು. ಯುಗಾದಿ ಬಂತೆಂದರೆ ಸುತ್ತಲ ಹಳ್ಳಿಯ ಗಂಡಸರೆಲ್ಲ ಬಿಳಿ ಅಂಗಿಯ ಬಟ್ಟೆ ತಂದು ಸುರಿಯುತ್ತಿದ್ದರು. ನಮ್ಮವರು ಟೇಪು ಹಿಡಿಯುವುದು ಹೆಸರಿಗೆ, ಆಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಅಳತೆ ಬಂತು. ನಾನು ಶಾಲೆಯಿಂದ ಬರುತ್ತ ಅಂಗಡಿಗೆ ಹೋಗಿ, ಗುಂಡಿ ಹಚ್ಚುತ್ತ ಕೂರುತ್ತಿದ್ದೆ. ಅವರು ಹೊಲಿಯುತ್ತ ಏನಾದರೂ ಗುನುಗುತ್ತಿದ್ದರು. ನಮ್ಮ ಸಂಸಾರದಲ್ಲಿ ಅವರು ಗುನುಗಿದ್ದನ್ನು ನಾನು ಕೇಳಿದ್ದು ಆ ಒಂಬತ್ತು ವರ್ಷ ಮಾತ್ರ.

ಆಮೇಲೆ ನನಗೆ ಮುಖ್ಯಗುರುವಾಗಿ ಬಡ್ತಿ ಬಂತು, ಬಾಗೇವಾಡಿಗೆ. ಬಡ್ತಿ ಬೇಡವೆಂದು ಬರೆದುಕೊಟ್ಟು ಇದ್ದಲ್ಲೇ ಉಳಿಯುವವರು ನಮ್ಮ ಇಲಾಖೆಯಲ್ಲಿ ಬೇಕಾದಷ್ಟು ಜನ. ನಾನು ಸಹಿ ಮಾಡಿ, ಪೇಢೆ ತೆಗೆದುಕೊಂಡು ಅಂಗಡಿಗೆ ಹೋದೆ. ಅವರು ಪೇಢೆ ಬಾಯಿಗೆ ಹಾಕಿಕೊಂಡು "ಚಲೋ ಆತು" ಅಂದರು. ಆ ವಾರ ಇನ್ನೂ ಕತ್ತರಿ ಹಾಕದ ಬಟ್ಟೆಗಳನ್ನೆಲ್ಲ ಮಡಚಿ, ದಾರ ಕಟ್ಟಿ, ಒಂದೊಂದೇ ಮನೆಗೆ ವಾಪಸ್ ಮುಟ್ಟಿಸಿ ಬಂದರು. ಬಾಗೇವಾಡಿಯಲ್ಲಿ ಅಂಗಡಿ ಹಾಕಲೇ ಇಲ್ಲ. "ಮತ್ತ ಹರಕ ಪ್ಯಾಂಟಿನಿಂದ ಯಾರ ಸುರು ಮಾಡ್ಬೇಕು" ಅಂದಿದ್ದರು. ನಾನು ಅದನ್ನು ಚೇಷ್ಟೆಯೆಂದು ತಿಳಿದು ನಕ್ಕಿದ್ದೆ.

ಈಗ ಅದೇ ಬಜಾರದಲ್ಲಿ, ಬಳೆ ಅಂಗಡಿಯ ಪಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತೆ. ಅವರು ಎದುರಿನ ಅಂಗಡಿಯಲ್ಲಿ ಜೋಳದ ರೇಟು ಕೇಳಹೋದರು. ಅವರ ಮುಂದಿದ್ದ ಗಿರಾಕಿಗೆ ಅಂಗಡಿಯವರು ಒಂದು ಬೆಲೆ ಹೇಳಿದ್ದು ನನಗೂ ಕೇಳಿಸಿತು. ಆಮೇಲೆ ಕತ್ತೆತ್ತಿ ಇವರನ್ನು ನೋಡಿದರು.

"ಏ! ಟೇಲರ್ರ! ಎಲ್ಲಿ ಹೋಗಿದ್ರ‍್ಯೋ ಮಾರಾಯ!"

ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದೇಬಿಟ್ಟರು. ಚಹಾ ಬಂತು. ಜೋಳದ ಬೆಲೆ ಅಲ್ಲೇ ಇಳಿಯಿತು. ಪಕ್ಕದ ಅಂಗಡಿಯವರು ಬಂದರು, ಅವರ ಪಕ್ಕದವರೂ ಬಂದರು. ಒಬ್ಬ ಮುದುಕರು ತಮ್ಮ ಅಂಗಿಯ ಕುತ್ತಿಗೆ ಎತ್ತಿ ತೋರಿಸುತ್ತ, "ನೀವ ಹೊಲದಿದ್ದರಿ ಇದು. ಕಾಲರ್ ಹರೀತಂತ ತಿರುವಿ ಹಾಕ್ಸೇನಿ. ಒಗ್ಯಾಕ ಮನಸ ಬರವಲ್ದು" ಅಂದರು. ಮತ್ತೊಬ್ಬರು ಬಟ್ಟೆ ಅಂಗಡಿಗೆ ಹೋಗಿ ಬಿಳಿ ಬಟ್ಟೆಯ ತುಂಡು ಹರಿಸಿಕೊಂಡೇ ಬಂದರು. ರಸ್ತೆಯ ಈಚೆ ನಿಂತ ನನ್ನನ್ನು ಯಾರೂ ಕರೆಯಲಿಲ್ಲ. ಸುಳ್ಳೇಕೆ ಹೇಳಲಿ, ಮೊದಲು ನನಗೆ ಕೆಡುಕೆನಿಸಿತು. ಈ ಊರಿನಲ್ಲೂ ಒಂಬತ್ತು ವರ್ಷ ಮಕ್ಕಳಿಗೆ ಕಲಿಸಿದವಳಲ್ಲವೇ ನಾನು? ಆಮೇಲೆ ನಮ್ಮವರ ಮುಖ ನೋಡಿದೆ. ಅಷ್ಟು ಮಂದಿಯ ನಡುವೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಈ ಊರಿನಿಂದ ಇವರನ್ನು ಕಿತ್ತು ತಂದವಳು ನಾನೇ.

ಪಟ್ಟಿಯ ಪ್ರಕಾರ ಮುದ್ದೇಬಿಹಾಳ ನಾಲ್ಕರಲ್ಲಿ ಎಲ್ಲಕ್ಕಿಂತ ತುಟ್ಟಿ. ನಮಗೆ ಒಪ್ಪುವಂಥ ಮನೆಗೆ ಬಾಡಿಗೆ ಹೆಚ್ಚು, ಅದರ ನಳಕ್ಕೆ ನೀರು ಬರುವ ದಿನ ಕಡಿಮೆ, ಟ್ಯಾಂಕರಿಗೆ ಬೇರೆ ಖರ್ಚು. ಇರಲಿ ಅಂದುಕೊಂಡೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ನೋಟ್‌ಬುಕ್ ಮುಚ್ಚಿ, ದೊಡ್ಡ ದಾನ ಮಾಡುವವಳ ಹಾಗೆ ಹೇಳಿದೆ.

"ಇಲ್ಲೇ ಇರೂಣ್ರಿ. ತುಟ್ಟಿ ಆದ್ರ ಆಗ್ಲಿ. ನೀವು ಮತ್ತ ಅಂಗಡಿ ಹಾಕ್ರಿ."

ಅವರು ಖುಷಿಯಿಂದ ಏನಾದರೂ ಅಂದಾರು ಎಂದು ಕಾದೆ.

"ಬಿಳಿ ಅರವಿ ತಂದಿದ್ರಲ್ಲ ಒಬ್ರು, ನೋಡಿದ್ಯೇನ?" ಅಂದರು. "ಮಷೀನ್ ಊರಾಗ ಐತಿ, ಮುಂದ ನೋಡೂಣಂತ ಅಂದು ವಾಪಸ್ ಕೊಟ್ನಿ. ಒಂದ ದಿನಕ್ಕ ಆದ್ರ ಆ ಸುಳ್ಳ ನಡಿತೈತಿ. ಇಲ್ಲೇ ಬಂದು ಇದ್ರ ದಿನಾ ಏನ ಹೇಳ್ಲಿ?"

ನನಗೆ ಅರ್ಥವಾಗಲಿಲ್ಲ. ಅವರು ಬಲಗೈಯನ್ನು ಮೊಣಕಾಲಿನ ಮೇಲಿಂದ ಎತ್ತಿ, ಕತ್ತರಿ ಹಿಡಿಯುವ ಹಾಗೆ ಬೆರಳು ಕೂಡಿಸಿ, ನನ್ನ ಮುಂದೆ ಹಿಡಿದರು. ಕೈ ನಡುಗುತ್ತಿತ್ತು.

"ಎರಡ ವರ್ಷ ಆತು. ಕತ್ತರಿ ಸೀದಾ ಹೋಗಂಗಿಲ್ಲ. ಡಾಕ್ಟರ್ ಗುಳಿಗಿ ಕೊಟ್ಟಾರ. ನಡುಕ ಇದಕ್ಕಿಂತ ಕಡಿಮಿ ಆಗಂಗಿಲ್ಲಂತ."

ಎರಡು ವರ್ಷದಿಂದ ಅವರು ಅರ್ಧ ಕಪ್ ಚಹಾ ಸಾಕು ಅನ್ನುತ್ತಿದ್ದರು. ತುಂಬಿದ ಕಪ್ ಕೈಯಲ್ಲಿ ಚೆಲ್ಲುತ್ತದೆಂಬ ಕಾರಣಕ್ಕೆ ಹಾಗೆ ಅನ್ನುತ್ತಿದ್ದರು ಎಂಬುದು ಆ ಬೆಂಚಿನ ಮೇಲೆ ನನಗೆ ತಿಳಿಯಿತು. ನಾನಾದರೋ, ಇವರ ಚಹಾ ಕಡಿಮೆಯಾಯಿತೆಂದು ನೋಟ್‌ಬುಕ್ಕಿನಲ್ಲಿ ಹಾಲನ್ನು ಕಾಲು ಲೀಟರು ಇಳಿಸಿ ಬರೆದಿದ್ದೆ. ಮೂವತ್ತೈದು ವರ್ಷ ಒಂದೇ ಸೂರಿನ ಕೆಳಗಿದ್ದು ಇಷ್ಟು ಕಾಣದವಳು ಊರ ಮಕ್ಕಳಿಗೆ ಏನು ಕಲಿಸಿದೆನೋ.

"ನನಗ್ಯಾಕ ಹೇಳ್ಲಿಲ್ರಿ?" ಅಂದೆ.

"ನೀ ಯಾವಾಗ ಕೇಳಿದಿ?" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಏಳ ವರ್ಷದ ಹಿಂದ ಕೇಳಿದ್ರ, ಇಲ್ಲೇ ಇರೂಣು ಅಂತಿದ್ನಿ."

ಬಾಗೇವಾಡಿಯ ಬಸ್ಸು ಬಂದು ನಿಂತಿತು. ಜನ ಹತ್ತತೊಡಗಿದರು. ನಾನು ಏಳಲಿಲ್ಲ, ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

"ಈಗ ಕೇಳ್ತೇನ್ರಿ" ಅಂದೆ. "ನಿಮಗ ಎಲ್ಲಿ ಇರ್ಬೇಕ ಅನಸ್ತೈತ್ರಿ?"

"ಬಾಗೇವಾಡ್ಯಾಗ" ಅಂದರು, ಕೇಳಲಿ ಎಂದೇ ಕಾದಿದ್ದವರ ಹಾಗೆ. "ಅಲ್ಲಿ ನಾ ಯಾರಿಗೂ ಅಂಗಿ ಹೊಲ್ದಿಲ್ಲ."