ತುತ್ತು ತಳ್ಳುವ ಕೈ

ಮುಳಬಾಗಿಲಿನ ನನ್ನ ಥೆರಪಿ ಕೋಣೆಗೆ ಆವನಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ, ಸೊಸೆಯನ್ನೂ ಏಳು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು. ಮಗುವಿಗೆ ಆಟಿಸಂ. ಮಾತಿರಲಿಲ್ಲ. ಬೇಡವಾದದ್ದನ್ನು ಅಂಗೈಯಿಂದ ತಳ್ಳುತ್ತಿದ್ದಳು, ಅಷ್ಟೆ. ಊಟ, ಸ್ನಾನ, ಬಟ್ಟೆಯಂಥ ದಿನನಿತ್ಯದ ಕೆಲಸಗಳು ಇಂಥ ಮಕ್ಕಳಿಗೆ ಸಲೀಸಾಗುವಂತೆ ನೋಡಿಕೊಳ್ಳುವುದು ನನ್ನ ಕಸುಬು.

ಅಜ್ಜಿಯ ಬೇಡಿಕೆ ಒಂದೇ. "ಒಣರೊಟ್ಟಿ ಕಡೀತಾಳೆ, ಮುದ್ದೆ ಮಾತ್ರ ಮುಟ್ಟಲ್ಲ. ನಾಳೆ ಇನ್ನೊಬ್ರ ಮನೆಗೆ ಹೋಗೋ ಹೆಣ್ಣು ಕಣಮ್ಮ. ಮುದ್ದೆ ನುಂಗ್ದಿದ್ರೆ ಹೆಂಗೆ?"

ನಾನೂ ಇದೇ ಸೀಮೆಯವಳು. ಮುದ್ದೆ ನುಂಗಲು ಕಲಿತ ಮೇಲೆಯೇ ಮಗು ದೊಡ್ಡದಾಯಿತು ಎನ್ನುವ ಮನೆಯಲ್ಲಿ ಬೆಳೆದವಳು. ಹಾಗಾಗಿ ಆ ಪ್ರಶ್ನೆಯಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ರೊಟ್ಟಿಯೂ ರಾಗಿಯದೇ ಅಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಗ ನನಗೆ ಸ್ವಲ್ಪ ಕೊಬ್ಬೂ ಇತ್ತು.

ಮೊದಲ ವಾರ ಬೆರಳಿಗೆ ಮುದ್ದೆ ತಾಗಿಸಿದೆ. ಆಮೇಲೆ ತುಟಿಗೆ, ಆಮೇಲೆ ನಾಲಿಗೆಗೆ. ಮೊರದಲ್ಲಿ ರಾಗಿ ಜಾರುವುದನ್ನು ನೋಡುವುದೆಂದರೆ ಅವಳಿಗೆ ಪ್ರಾಣ. ಕೈ ತಳ್ಳಿದರೆ ಮೊರ ಅಡಗಿಸಿಡುತ್ತಿದ್ದೆ, ಬಾಯಿ ತೆರೆದರೆ ಕೊಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ಅವಳು ಸಾರಲ್ಲಿ ಅದ್ದಿದ ತುತ್ತನ್ನು ಅಗಿಯದೆ ನುಂಗಿದಳು. ಅಜ್ಜಿ ನನ್ನ ಕೈ ಹಿಡಿದು ಅತ್ತರು. ನಾನು ವೀಡಿಯೊ ಮಾಡಿಕೊಂಡು ಬೇರೆ ತಾಯಂದಿರಿಗೆಲ್ಲ ತೋರಿಸಿ ಬೀಗಿದೆ.

ಒಂದು ದಿನ ತಾಯಿ ಮಗಳನ್ನು ಎತ್ತಿಕೊಂಡು ಬಂದಳು. ಹಿಂದಿನ ದಿನ ನೆಂಟರ ಮನೆಯಲ್ಲಿ ಯಾರೋ ಅತ್ತೆ ಪ್ರೀತಿಯಿಂದಲೇ, ಆಗಷ್ಟೇ ತೊಳಸಿ ಒಲೆಯಿಂದ ಇಳಿಸಿದ ಮುದ್ದೆಯ ತುತ್ತನ್ನು ಅವಳ ಬಾಯಿಗಿಟ್ಟಿದ್ದರು. ಮೇಲೆ ಆರಿತ್ತು, ಒಳಗೆ ಕೆಂಡದಂತೆ ಸುಡುತ್ತಿತ್ತು. ಮಗುವಿನ ಬಾಯೊಳಗೆಲ್ಲ ಬೊಬ್ಬೆ ಎದ್ದಿತ್ತು.

"ಉಗೀಲಿಲ್ವಾ?" ಎಂದೆ.

"ಇಲ್ಲ ಮೇಡಂ. ಕಣ್ಣಲ್ಲಿ ನೀರು ಸುರೀತಿತ್ತು, ಆದ್ರೂ ನುಂಗಿದ್ಲು. ಅವರು ಇನ್ನೊಂದು ತುತ್ತು ತಂದ್ರೆ ಅದಕ್ಕೂ ಬಾಯಿ ತೆಗೆದ್ಲು. ಮುಂಚೆ ಆಗಿದ್ರೆ ತಳ್ಳಿರೋಳು. ಈಗ ಏನ್ ಕೊಟ್ರೂ ತಳ್ಳಲ್ಲ."

ಆ ಸಂಜೆ ವೀಡಿಯೊವನ್ನು ಮತ್ತೆ ನೋಡಿದೆ. ಅಷ್ಟು ದಿನ ನಾನು ಅವಳ ಬಾಯಿಯನ್ನಷ್ಟೇ ನೋಡಿದ್ದೆ. ಈಗ ನೋಡಿದರೆ ಕಾಲ್ಬೆರಳುಗಳು ಮುದುರಿಕೊಂಡಿದ್ದವು, ಒಂದು ಕೈ ಲಂಗವನ್ನು ಬಿಗಿಯಾಗಿ ಹಿಡಿದಿತ್ತು. ಅವಳಿಗಿದ್ದ ಒಂದೇ ಮಾತನ್ನು ಕಿತ್ತುಕೊಂಡು ಅದನ್ನು ಗೆಲುವು ಎಂದು ನಾನು ಊರಿಗೆಲ್ಲ ತೋರಿಸಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ವೀಡಿಯೊ ಅಳಿಸಿಹಾಕಿದೆ.

ಮರುದಿನ ಅವರ ಮನೆಗೇ ಹೋಗಿ ತಪ್ಪು ಒಪ್ಪಿಕೊಂಡೆ. ಅಜ್ಜಿ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, "ಈಗ ಏನ್ ಮಾಡಾಣ ಹೇಳು" ಎಂದರು. ಮುದ್ದೆ ಬೇಡ, ರೊಟ್ಟಿಯೇ ಸಾಕು ಎಂದೆ. ಯಾರು ಏನು ಕೊಟ್ಟರೂ ಅವಳ ಕೈಗೆಟುಕುವಷ್ಟು ದೂರದಲ್ಲಿ ಹಿಡಿದು ಕಾಯಬೇಕು. ಕೈ ಸ್ವಲ್ಪ ಅಲುಗಿದರೂ ಸಾಕು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮೊರ ಅವಳಿಗೆ ಬೇಕೆನಿಸಿದಾಗಲೆಲ್ಲ ಅವಳದು.

ತಿಂಗಳುಗಳೇ ಹಿಡಿದವು. ಮೊದಲು ಅಮ್ಮನ ಕೈ ತಳ್ಳಿದಳು. ಆಮೇಲೊಂದು ದಿನ ಅಜ್ಜಿಯ ಕೈಯಲ್ಲಿದ್ದ ಬಾಳೆಹಣ್ಣನ್ನು ತಳ್ಳಿದಳಂತೆ. "ತಳ್ಬಿಟ್ಲು ಕಣಮ್ಮಾ, ಜೋರಾಗಿ ತಳ್ಬಿಟ್ಲು!" ಎಂದು ಅಜ್ಜಿ ಫೋನಿನಲ್ಲಿ ಕೂಗಿದರು.

ಅವಳು ಈಗಲೂ ವಾರಕ್ಕೊಮ್ಮೆ ನನ್ನ ಕೋಣೆಗೆ ಬರುತ್ತಾಳೆ. ನಾನು ಏನನ್ನಾದರೂ ಮುಂದೆ ಹಿಡಿದು ಅವಳ ಕೈಯನ್ನೇ ನೋಡುತ್ತಾ ಕಾಯುತ್ತೇನೆ. ಅದು ಅಲುಗುವುದಿಲ್ಲ. ನನ್ನ ಮುಂದೆ ಮಾತ್ರ ಅವಳು ಇನ್ನೂ ಬಾಯಿ ತೆರೆಯುತ್ತಾಳೆ.